ವಿದ್ಯುತ್ ಜಾಲದ ಪುನಶ್ಚೇತನಕ್ಕಾಗಿ ಅಣಕು ಕಾರ್ಯಾಚರಣೆ: ಗ್ರಾಹಕರಿಗೆ ಮಾಹಿತಿ

ಹಿನ್ನೆಲೆ

2012ರ ಜುಲೈ 30ರಂದು ದೇಶದ ಉತ್ತರ ವಲಯದ ವಿದ್ಯುತ್ ಜಾಲವು ಸ್ಥಗಿತಗೊಂಡಿತು. ಅದನ್ನು ಪುನಃ ಸ್ಥಾಪಿಸಿದ ಮರುದಿನವೇ ಉತ್ತರ, ಪೂರ್ವ ಹಾಗೂ ಈಶಾನ್ಯ ವಲಯಗಳ ಜಾಲಗಳು ಒಟ್ಟಿಗೆ ಕುಸಿದವು. ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ಇದರಿಂದ ಬಾಧಿತವಾಯಿತು. ರೈಲುಗಳು ಮಾರ್ಗಮಧ್ಯದಲ್ಲಿ ನಿಂತವು. ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರು ಸಿಲುಕಿಕೊಂಡರು. ದಕ್ಷಿಣ ವಲಯದ ಜಾಲವು ಆಗ ಪ್ರತ್ಯೇಕ ಆವರ್ತನದಲ್ಲಿ ನಡೆಯುತ್ತಿದ್ದುದರಿಂದ ಕರ್ನಾಟಕಕ್ಕೆ ತೊಂದರೆಯಾಗಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ವಲಯವು ರಾಷ್ಟ್ರೀಯ ಜಾಲಕ್ಕೆ ಸೇರ್ಪಡೆಯಾಯಿತು. ಇದರಿಂದ ಕೊರತೆಯ ಕಾಲದಲ್ಲಿ ಹೊರಗಿನಿಂದ ವಿದ್ಯುತ್ ಪಡೆಯುವುದು ಸುಲಭವಾಯಿತು. ಆದರೆ ದೂರದ ದೋಷವು ಇಲ್ಲಿಗೂ ಹರಡುವ ಸಂಭವ ಉಂಟಾಯಿತು.

ಅಗತ್ಯ

ನಿಂತುಹೋದ ಉಷ್ಣ ವಿದ್ಯುತ್ ಕೇಂದ್ರವನ್ನು ಪುನಃ ಚಾಲನೆಗೊಳಿಸಲು ಅಲ್ಲಿನ ಪಂಪು, ಫ್ಯಾನು ಮುಂತಾದವುಗಳಿಗೆ ಹೊರಗಿನ ವಿದ್ಯುತ್ ಬೇಕಾಗುತ್ತದೆ. ಜಲವಿದ್ಯುತ್ ಘಟಕವನ್ನಾದರೋ ಡೀಸೆಲ್ ಜನರೇಟರಿನ ಅಲ್ಪ ವಿದ್ಯುತ್ತಿನಿಂದಲೇ ಆರಂಭಿಸಬಹುದು. ಇದಕ್ಕೆ 'ಬ್ಲ್ಯಾಕ್ ಸ್ಟಾರ್ಟ್' ಎಂದು ಹೆಸರು. ಈ ಸಾಮರ್ಥ್ಯವನ್ನು ಅಣಕು ಕಾರ್ಯಾಚರಣೆಯ ಮೂಲಕ ಪರೀಕ್ಷಿಸಬೇಕೆಂದು ಭಾರತೀಯ ವಿದ್ಯುತ್ ಜಾಲ ಸಂಹಿತೆಯು ವಿಧಿಸಿದೆ.

ವಿಧಾನ

1. ಜಾಲದ ಆಯ್ದ ಒಂದು ಭಾಗವನ್ನು ಮುಖ್ಯ ಜಾಲದಿಂದ ಬೇರ್ಪಡಿಸಲಾಗುತ್ತದೆ. ಇಡೀ ಜಾಲವನ್ನು ಸ್ಥಗಿತಗೊಳಿಸುವುದಿಲ್ಲ.
2. ಜಲವಿದ್ಯುತ್ ಘಟಕವನ್ನು ಹೊರಗಿನ ಪೂರೈಕೆಯಿಲ್ಲದೆ ಆರಂಭಿಸಿ, ಪ್ರಸರಣ ಮಾರ್ಗಕ್ಕೆ ವಿದ್ಯುತ್ ಹಾಯಿಸಲಾಗುತ್ತದೆ.
3. ಆವರ್ತನವನ್ನು 50 ಹರ್ಟ್ಸ್ ಆಸುಪಾಸಿನಲ್ಲಿ ಕಾಯ್ದುಕೊಂಡು, ಹೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಲಾಗುತ್ತದೆ.
4. ಕೊನೆಯಲ್ಲಿ ಈ ಭಾಗವನ್ನು ಮುಖ್ಯ ಜಾಲಕ್ಕೆ ಮರುಜೋಡಿಸಲಾಗುತ್ತದೆ.

ನಿಜವಾದ ಸ್ಥಗಿತದ ಸಂದರ್ಭದಲ್ಲಿ ಗ್ರಾಹಕರು ಗಮನಿಸತಕ್ಕ ಅಂಶಗಳು

• ಹೊಸದಾಗಿ ಆರಂಭವಾದ ಒಂದೆರಡು ಘಟಕಗಳ ಮೇಲೆ ಒಮ್ಮೆಲೇ ಹೆಚ್ಚಿನ ಹೊರೆ ಬಿದ್ದಲ್ಲಿ ಅವು ಮತ್ತೆ ನಿಲ್ಲುತ್ತವೆ. ಆದುದರಿಂದ ಇತರ ಉತ್ಪಾದನಾ ಕೇಂದ್ರಗಳಿಗೆ ಹಾಗೂ ಅತ್ಯಗತ್ಯ ಸೇವೆಗಳಿಗೆ ಆದ್ಯತೆ ನೀಡಿ, ಪೂರೈಕೆಯನ್ನು ಹಂತಹಂತವಾಗಿ ವಿಸ್ತರಿಸಲಾಗುತ್ತದೆ. ನೆರೆಯ ಬಡಾವಣೆಗೆ ವಿದ್ಯುತ್ ಮೊದಲು ಬಂದ ಮಾತ್ರಕ್ಕೆ ಪಕ್ಷಪಾತವೆಂದು ಭಾವಿಸಬಾರದು.
• ನೀರೆತ್ತುವ ಪಂಪ್‌ಸೆಟ್, ಗೀಸರ್, ಹವಾನಿಯಂತ್ರಕ ಇತ್ಯಾದಿಗಳ ಸ್ವಿಚ್ಚನ್ನು ಆರಿಸಿ, ಒಂದು ದೀಪದ ಸ್ವಿಚ್ಚನ್ನು ಮಾತ್ರ ಹಾಕಿಡುವುದು. ಪೂರೈಕೆ ಸ್ಥಿರಗೊಂಡ ನಂತರ ಉಪಕರಣಗಳನ್ನು ಒಂದೊಂದಾಗಿ ಬಳಸುವುದು.
• ಮನೆಯಲ್ಲಿ ಆಮ್ಲಜನಕ ಯಂತ್ರ ಮುಂತಾದ ಜೀವರಕ್ಷಕ ಉಪಕರಣಗಳನ್ನು ಬಳಸುವವರು ಬದಲಿ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಿಕೊಳ್ಳತಕ್ಕದ್ದು.
• ಜನರೇಟರ್ ಹೊಂದಿರುವವರು ಅದರ ವಿದ್ಯುತ್ ಹೊರಗಿನ ಮಾರ್ಗಕ್ಕೆ ಹರಿಯದಂತೆ ನೋಡಿಕೊಳ್ಳತಕ್ಕದ್ದು. ಇಲ್ಲವಾದಲ್ಲಿ ಕಂಬದ ಮೇಲೆ ಕೆಲಸ ಮಾಡುವ ಮಾರ್ಗದಾಳುಗಳ ಪ್ರಾಣಕ್ಕೆ ಅಪಾಯವಿದೆ.

ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ದೂರುಗಳನ್ನು 1912 ಸಂಖ್ಯೆಗೆ ಕರೆಮಾಡಿ ದಾಖಲಿಸಬಹುದು.