‘ಅಸುರ’ ಬೈಗುಳವಾಗಿದ್ದು ಹೇಗೆ?

ಪುರಾಣದ ಯುದ್ಧಗಳನ್ನು ಒಳ್ಳೇದು-ಕೆಟ್ಟದ್ದರ ಹೋರಾಟ ಅಂತ ಹೇಳಿಕೊಡ್ತಾರೆ. ಪದಗಳು ಬೇರೆಯೇ ಕತೆ ಹೇಳ್ತವೆ.

ಋಗ್ವೇದದಲ್ಲಿ ವರುಣ, ಇಂದ್ರ, ಅಗ್ನಿಯರನ್ನೂ ‘ಅಸುರ’ ಅಂತ ಹೊಗಳಿದ್ದಾರೆ. ಆಗ ಅದರರ್ಥ ಒಡೆಯ. ಪ್ರಾಚೀನ ಇರಾನಿನಲ್ಲಿ ಇದೇ ಪದ ‘ಅಹುರ’ ಆಗಿ ದೇವರ ಹೆಸರಾಯ್ತು, ‘ದೇವ’ ಅನ್ನೋದು ಕೆಟ್ಟ ಶಕ್ತಿಗಳ ಹೆಸರಾಯ್ತು. ಇಲ್ಲಿ ತಿರುವುಮುರುವು. ಆಮೇಲೆ ‘ಅಸುರ’ದ ‘ಅ’ ಕತ್ತರಿಸಿ ‘ಸುರ’ ಅನ್ನೋ ಪದ ಮಾಡಿಕೊಂಡರು!

‘ಗವಿಷ್ಟಿ’ ನೋಡಿ. ಋಗ್ವೇದದಲ್ಲಿ ಕಾಳಗಕ್ಕಿರುವ ಹೆಸರು, ಮೂಲ ಅರ್ಥ ಹಸುಗಳ ಬಯಕೆ. ಕಾದಾಟ ದನಕ್ಕಾಗಿ, ಸ್ತೋತ್ರ ಇಂದ್ರನಿಗೆ.

ಮಹಾತ್ಮ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಈ ಕತೆಗಳನ್ನ ಸೋತವರ ಕಡೆಯಿಂದ ಓದಿದರು. ಅವರಿಗೆ ಬಲಿ ದುಡಿಯುವ ಜನರ ರಾಜ. ಪುರಾಣ ಅವನನ್ನ ಪಾತಾಳಕ್ಕೆ ತುಳೀತು. ನಮ್ಮ ತುಳುನಾಡಿನಲ್ಲಿ ಮಾತ್ರ ದೀಪಾವಳಿಗೆ ಇವತ್ತಿಗೂ ಬಲೀಂದ್ರನನ್ನ ಕೂಗಿ ಕರೀತಾರೆ.

ಇನ್ಮುಂದೆ ಯಾರನ್ನಾದ್ರೂ ರಾಕ್ಷಸ ಅಂದಾಗ ಎರಡು ಪ್ರಶ್ನೆ ಕೇಳಿ: ಆ ಹೆಸರಿಟ್ಟವರು ಯಾರು? ಅವನ ದನ, ನೆಲ ಈಗ ಯಾರ ಕೈಲಿದೆ?

ಜೈ ಭೀಮ್.