ಪದವಿಗೂ ಮೊದಲಿನ ವೈದ್ಯೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ಅಲ್ಲಿಂದ ಕಣಕುಂಬಿಯ ಕಡೆ ಹೊರಟರೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಆ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಆಯಿ ಸೂಲಗಿತ್ತಿಯಾಗಿದ್ದಳು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ನಿಂತರೆ ಊರಿಗೆ ಅವಳೇ ದವಾಖಾನೆ. “ಸಾಲಿ ನಾ ಕಲ್ತಿಲ್ಲವಾ, ನನ್ನ ಕೈ ಕಲ್ತಾವು” ಎನ್ನುತ್ತಿದ್ದಳು. ಒಮ್ಮೆ ಒಬ್ಬ ಬಾಣಂತಿ ಉಳಿಯಲಿಲ್ಲ. ಆಮೇಲೆ ಬಹಳ ದಿನ ಆಯಿ ಯಾರ ಮನೆಗೂ ಹೋಗಲಿಲ್ಲ.

ಡೊರೊಥೆಯಾ ಎರ್ಕ್ಸ್‌ಲೆಬೆನ್ ಎಂಬ ಜರ್ಮನ್ ವೈದ್ಯೆಯ ಕಥೆ ಓದಿದಾಗ ನನಗೆ ಆ ದಿನಗಳು ನೆನಪಾದವು. ಆಕೆ ಹುಟ್ಟಿದ್ದು 1715ರಲ್ಲಿ, ಕ್ವೆಡ್ಲಿನ್‌ಬುರ್ಗ್ ಎಂಬ ಊರಿನಲ್ಲಿ. ವೈದ್ಯನಾಗಿದ್ದ ತಂದೆ ಮಗನ ಜೊತೆ ಮಗಳನ್ನೂ ಕೂರಿಸಿಕೊಂಡು ಲ್ಯಾಟಿನ್ ಮತ್ತು ವೈದ್ಯಶಾಸ್ತ್ರ ಕಲಿಸಿದ. ವಿಶ್ವವಿದ್ಯಾಲಯದಲ್ಲಿ ಹೆಣ್ಣಿಗೆ ಪ್ರವೇಶವಿರಲಿಲ್ಲ. ಆಕೆ ಪ್ರಷ್ಯದ ದೊರೆ ಎರಡನೇ ಫ್ರೆಡರಿಕ್‌ಗೆ ಅರ್ಜಿ ಬರೆದಳು. 1741ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಓದಲು ಅನುಮತಿ ಸಿಕ್ಕಿತು. ಮರುವರ್ಷ, ಹೆಣ್ಣುಮಕ್ಕಳನ್ನು ಓದಿನಿಂದ ತಡೆಯುವ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಪುಸ್ತಕವನ್ನೂ ಪ್ರಕಟಿಸಿದಳು.

ಆದರೆ ಆಕೆ ಹಾಲೆಗೆ ಹೋಗಲಿಲ್ಲ. ಅದೇ ವರ್ಷ ಐದು ಮಕ್ಕಳ ತಂದೆಯಾದ ವಿಧುರ ಪಾದ್ರಿಯೊಬ್ಬನನ್ನು ಮದುವೆಯಾದಳು. ಮುಂದೆ ತನ್ನವೇ ನಾಲ್ಕು ಮಕ್ಕಳಾದವು. ಮನೆವಾರ್ತೆಯ ನಡುವೆಯೇ ರೋಗಿಗಳನ್ನು ನೋಡುತ್ತಿದ್ದಳು. 1753ರಲ್ಲಿ ಒಬ್ಬ ರೋಗಿ ತೀರಿಕೊಂಡಾಗ ಊರಿನ ಮೂವರು ವೈದ್ಯರು ಆಕೆಯನ್ನು ನಕಲಿ ವೈದ್ಯೆಯೆಂದು ದೂರಿದರು. ಮೂರು ತಿಂಗಳೊಳಗೆ ಪರೀಕ್ಷೆಗೆ ಹಾಜರಾಗಬೇಕೆಂಬ ಆಜ್ಞೆ ಬಂತು. ಆಗ ಆಕೆ ಗರ್ಭಿಣಿ. ಹೆರಿಗೆಯವರೆಗೆ ಸಮಯ ಕೇಳಿದಳು.

1754ರ ಜನವರಿಯಲ್ಲಿ ಪ್ರಬಂಧ ಸಲ್ಲಿಸಿದಳು. ಅದರ ವಿಷಯವೇ ದೂರಿಗೆ ಕೊಟ್ಟ ಉತ್ತರದಂತಿದೆ: ರೋಗಿಗೆ ಹಿತವೆನಿಸುವಂತೆ, ಬೇಗ ಬೇಗ ವಾಸಿಮಾಡಲು ಹೊರಟರೆ ಚಿಕಿತ್ಸೆ ಎಷ್ಟೋ ಸಲ ಅಪಾಯಕರವಾಗುತ್ತದೆ. ಮೇ 6ರಂದು ಹಾಲೆಯಲ್ಲಿ ಎರಡು ತಾಸು ಲ್ಯಾಟಿನ್ನಿನಲ್ಲಿ ಪರೀಕ್ಷೆ ನಡೆಯಿತು. ಜೂನ್ 12ರಂದು ಪದವಿ ಬಂತು. ಜರ್ಮನಿಯಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಆಕೆ. 1762ರಲ್ಲಿ ತೀರಿಕೊಳ್ಳುವವರೆಗೂ ಅದೇ ಊರಿನಲ್ಲಿ ವೃತ್ತಿ ನಡೆಸಿದಳು. ಆದರೆ ಆಕೆಗೆ ತೆರೆದ ಬಾಗಿಲು ಬೇರೆಯವರಿಗೆ ತೆರೆಯಲಿಲ್ಲ. ಜರ್ಮನಿಯಲ್ಲಿ ಮಹಿಳೆಯರಿಗೆ ಸರ್ಕಾರಿ ವೈದ್ಯಕೀಯ ಪರೀಕ್ಷೆ ಬರೆಯುವ ಅವಕಾಶ ಸಿಕ್ಕಿದ್ದು 1899ರಲ್ಲಿ.

ನಮ್ಮಲ್ಲೂ ಕೆಲಸದ ಹಿಂದೆ ಪದವಿ ಬಂದ ಉದಾಹರಣೆಯಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಇಷ್ಟರಿಂದ ಪರೀಕ್ಷೆಯೇ ಬೇಡವೆಂದು ನಾನು ಹೇಳಲಾರೆ. ಡೊರೊಥೆಯಾಳ ರೋಗಿ ಸತ್ತದ್ದು ನಿಜ, ನಮ್ಮೂರ ಬಾಣಂತಿ ಸತ್ತದ್ದೂ ನಿಜ. ಜೀವ ಕೈಯಲ್ಲಿ ಹಿಡಿದವರನ್ನು ಪ್ರಶ್ನಿಸಲೇಬೇಕು. ಆದರೆ ಡೊರೊಥೆಯಾಳಿಗೆ ಕಲಿಸುವ ತಂದೆಯಿದ್ದ, ಮನೆಯಲ್ಲಿ ಪುಸ್ತಕಗಳಿದ್ದವು, ಕೊನೆಗೆ ಉತ್ತರ ಕೇಳಿಸಿಕೊಳ್ಳುವ ಪರೀಕ್ಷಕರೂ ಸಿಕ್ಕರು. ಆಯಿಯ ಮೇಲೆ ಯಾರೂ ದೂರು ಕೊಡಲಿಲ್ಲ. ಅವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಕೇಳಿದ್ದರೆ, ಗೊತ್ತಿಲ್ಲದ್ದನ್ನು ಕಲಿಸಿದ್ದರೆ, ಆ ಬಾಣಂತಿ ಉಳಿಯುತ್ತಿದ್ದಳೇನೋ. ಅವಳು ಹೆತ್ತ ಕೂಸು ಈಗ ಊರಲ್ಲೇ ಇದೆ, ಮೊಮ್ಮಕ್ಕಳನ್ನು ಕಂಡಿದೆ. ಆಯಿ ಸಾಯುವತನಕ ಆ ಮನೆಯ ಮುಂದೆ ಹಾಯುವಾಗ ತಲೆ ಎತ್ತುತ್ತಿರಲಿಲ್ಲ.