ವೆನ್ಲಾಕ್‌ನಿಂದ ಊರಿನ ಆರೋಗ್ಯ ಕೇಂದ್ರಕ್ಕೆ

ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರದ್ದು. ಮದ್ರಾಸ್ ಗವರ್ನರ್ ಲಾರ್ಡ್ ವೆನ್ಲಾಕ್ ಹೆಸರು ಬಂದದ್ದು ಆಮೇಲೆ. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಫಾದರ್ ಮುಲ್ಲರ್ ಹೋಮಿಯೋಪಥಿ ಮದ್ದು ಕೊಡತೊಡಗಿದರು. ಎರಡೂ ಪೇಟೆಯಲ್ಲೇ. ಹಳ್ಳಿಯಲ್ಲಿ ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವುದು, ಕೈ ಸುಟ್ಟರೆ ಶಾಯಿ ಬಳಿಯುವುದು. (ಈಗ ಶಾಯಿ ಹೋಗಿ ಟೂತ್‌ಪೇಸ್ಟ್ ಬಂದಿದೆ, ಅಷ್ಟೇ.)

1946ರಲ್ಲಿ ಭೋರ್ ಸಮಿತಿ ಶಿಫಾರಸು ಮಾಡಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಳತ್ತ ಬಂದವು. ಆದರೂ ಸಣ್ಣ ಗಾಯಕ್ಕೂ ನಾವು ಮಂಗಳೂರು ಬಸ್ ಹತ್ತುತ್ತೇವೆ. ಗಂಟೆಗಟ್ಟಲೆ ದಾರಿಯಲ್ಲೇ ಹೋಗುತ್ತದೆ. ಬೇಕಾದ ತಣ್ಣೀರು ಮನೆಯ ನಲ್ಲಿಯಲ್ಲೇ ಉಳಿಯುತ್ತದೆ. ಸುಟ್ಟ ಕೂಡಲೇ 20 ನಿಮಿಷ ನೀರು ಬಿಡಿ, ಐಸ್ ಬೇಡ. ಉಳುಕಿದ ಕಾಲನ್ನು ತಿಕ್ಕದೆ ದಿಂಬಿನ ಮೇಲಿಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ. ಆಮೇಲೆ ಊರಿನ ಕೇಂದ್ರಕ್ಕೆ ತೋರಿಸಿ. ಮುಖ ಸುಟ್ಟರೆ, ಕಾಲೂರಲು ಆಗದಿದ್ದರೆ ತಡಮಾಡದೆ ವೆನ್ಲಾಕ್‌ಗೆ ಹೋಗಿ.